ಪಿಸಿಪಿ ಏರ್‌ಗನ್‌ಗೆ ಕಡಿಮೆ ಖರ್ಚಿನಲ್ಲಿ ಗಾಳಿ: ಲೆಕ್ಕದಿಂದ ತುಂಬಿಸುವವರೆಗೆ

ಪಿಸಿಪಿ ಏರ್‌ಗನ್, ಅಂದರೆ ಮೊದಲೇ ಒತ್ತಡದ ಗಾಳಿ ತುಂಬಿಟ್ಟುಕೊಳ್ಳುವ ಗನ್ ಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹ್ಯಾಂಡ್ ಪಂಪ್ 150 ಬಾರ್ (ಒತ್ತಡದ ಅಳತೆ) ದಾಟುತ್ತಿಲ್ಲ. ಕಂಪ್ರೆಸರ್‌ನ ಸೀಲ್ ಸುಟ್ಟುಹೋಯಿತು. ಸಿಲಿಂಡರ್‌ನಲ್ಲಿ ಗಾಳಿ ಇದೆ, ಆದರೂ ಗನ್ ಪೂರ್ತಿ ತುಂಬುತ್ತಿಲ್ಲ. ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು. ಬಹಳ ಸಲ ಸಾಮಾನಿನಲ್ಲಿ ದೋಷ ಇರುವುದಿಲ್ಲ. ಕೆಲಸದ ಕ್ರಮ ತಿರುಗುಮುರುಗಾಗಿರುತ್ತದೆ. ಮೊದಲು ಯಂತ್ರ ಕೊಳ್ಳುವುದು, ಆಮೇಲೆ ಲೆಕ್ಕ ಹಾಕುವುದು, ಫಿಲ್ಟರ್ ಮಾತ್ರ ಎಂದೋ ಒಂದು ದಿನ.

ಹೀಗೆ ಮಾಡಿದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಗನ್‌ಗಿಂತ ಗಾಳಿಗೇ ಜಾಸ್ತಿ ಹಣ ಹೋಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕೊಳ್ಳುವ ಮಾತು ಮೂರನೇ ಹಂತಕ್ಕಿಂತ ಮೊದಲು ಬೇಡ.

ಇದು ಪಿಸಿಪಿ ಗನ್‌ಗಳಿಗೆ ಮಾತ್ರ. ಸ್ಪ್ರಿಂಗ್ ಗನ್‌ಗೆ ಇದ್ಯಾವುದೂ ಬೇಕಿಲ್ಲ.

## ಶುರು ಮಾಡುವ ಮೊದಲು: ಇವನ್ನು ಮಾಡಲೇಬೇಡಿ

200 ಬಾರ್ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 200 ಕಿಲೋ ಭಾರ. ಬೆರಳ ತುದಿಯಷ್ಟು ಜಾಗ ಅದು. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಎಚ್ಚರಿಕೆಗಳು ಅತಿಯಾಯಿತು ಅನ್ನಿಸುವುದಿಲ್ಲ.

- ಆಕ್ಸಿಜನ್ ಯಾವತ್ತೂ ತುಂಬಬೇಡಿ. ಒತ್ತಡದ ಆಕ್ಸಿಜನ್‌ಗೆ ಒಂದಿಷ್ಟು ಗ್ರೀಸ್ ಸಿಕ್ಕರೂ ಸಾಕು, ಗನ್ ಕೈಯಲ್ಲೇ ಸಿಡಿಯಬಹುದು. ಉರಿಯುವ ಯಾವ ಅನಿಲವೂ ಬೇಡ.
- ಪಂಪ್, ಹೋಸ್ ಅಥವಾ ಗನ್‌ನ ಗಾಳಿಯ ಭಾಗಕ್ಕೆ ಎಂಜಿನ್ ಆಯಿಲ್, ಹೊಲಿಗೆ ಯಂತ್ರದ ಎಣ್ಣೆ, ಸ್ಪ್ರೇ ಎಣ್ಣೆ ಹಾಕಬೇಡಿ. ಗಾಳಿ ಜೋರಾಗಿ ಒತ್ತಿಕೊಂಡಾಗ ಬಿಸಿಯಾಗುತ್ತದೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳಬಹುದು. ಓ-ರಿಂಗ್‌ಗೆ (ಸೋರಿಕೆ ತಡೆಯುವ ರಬ್ಬರ್ ಬಳೆ) ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ.
- ಅಗ್ನಿಶಾಮಕ ಸಿಲಿಂಡರ್, ಫ್ರಿಜ್ ಗ್ಯಾಸ್ ಸಿಲಿಂಡರ್, ಮನೆಯಲ್ಲಿ ವೆಲ್ಡ್ ಮಾಡಿದ ಪೈಪು, ಇವುಗಳಲ್ಲಿ ಗಾಳಿ ಶೇಖರಿಸುವ ಯೋಚನೆ ಬಿಡಿ.
- ಹೋಸ್‌ನಲ್ಲಿ ಒತ್ತಡ ಇರುವಾಗ ಯಾವ ನಟ್ಟನ್ನೂ ಬಿಗಿ ಮಾಡಬೇಡಿ, ಸಡಿಲ ಮಾಡಬೇಡಿ. ಸೋರುತ್ತಿದ್ದರೆ ಪೂರ್ತಿ ಗಾಳಿ ಬಿಟ್ಟು ಆಮೇಲೆ ಸ್ಪಾನರ್ ಹಿಡಿಯಿರಿ.
- ಗನ್‌ನಲ್ಲಿ ಪೆಲೆಟ್ (ಏರ್‌ಗನ್ ಗುಂಡು) ಇರಬಾರದು. ನಳಿಗೆ ಯಾರೂ ಇಲ್ಲದ ದಿಕ್ಕಿಗಿರಲಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ.

## ಹಂತ 1: ನಿಮಗೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕಿ

ಮೂರು ಅಂಕಿ ಬರೆದಿಟ್ಟುಕೊಳ್ಳಿ. ಗನ್‌ನ ಗಾಳಿ ಕೊಳವೆ ಎಷ್ಟು ಸಿಸಿ, ಎಷ್ಟು ಬಾರ್‌ವರೆಗೆ ತುಂಬಿಸುತ್ತೀರಿ, ಎಷ್ಟಕ್ಕೆ ಇಳಿದಾಗ ಮತ್ತೆ ತುಂಬಿಸುತ್ತೀರಿ. ಮೊದಲ ಎರಡು ಗನ್‌ನ ಕೈಪಿಡಿಯಲ್ಲಿ ಸಿಗುತ್ತವೆ.

ಲೆಕ್ಕ ಸುಲಭ. ಕೊಳವೆಯ ಅಳತೆಯನ್ನು ಲೀಟರ್‌ಗೆ ತಿರುಗಿಸಿ, ಏರಿಸಬೇಕಾದ ಬಾರ್‌ನಿಂದ ಗುಣಿಸಿ. 200 ಸಿಸಿ ಅಂದರೆ 0.2 ಲೀಟರ್. 100 ಬಾರ್‌ನಿಂದ 200 ಬಾರ್‌ಗೆ ಏರಿಸಬೇಕು, ಅಂದರೆ 100 ಬಾರ್. ಗುಣಿಸಿದರೆ 20. ಒಂದು ಸಲ ತುಂಬಲು ಹೊರಗಿನ ಸಾಮಾನ್ಯ ಗಾಳಿ 20 ಲೀಟರ್ ಬೇಕು. ಅದೇ 500 ಸಿಸಿ ಬಾಟಲಿ ಇರುವ ಗನ್ ಅನ್ನು 150ರಿಂದ 250ಕ್ಕೆ ಏರಿಸಲು 50 ಲೀಟರ್. ಇನ್ನು ವಾರಕ್ಕೆ ಎಷ್ಟು ಸಲ ತುಂಬಿಸುತ್ತೀರಿ ಅಂತ ಪ್ರಾಮಾಣಿಕವಾಗಿ ಬರೆಯಿರಿ. ಕೊಳ್ಳುವ ಹುಮ್ಮಸ್ಸಿನಲ್ಲಿ ಎಲ್ಲರೂ ಈ ಅಂಕಿಯನ್ನು ಜಾಸ್ತಿ ಬರೆದುಬಿಡುತ್ತಾರೆ.

ಯೂನಿಟ್ ಗೊಂದಲ ಇಲ್ಲೇ ತೀರಿಸಿಕೊಳ್ಳಿ. 1 ಬಾರ್ ಅಂದರೆ 14.5 ಪಿಎಸ್‌ಐ. 3000 ಪಿಎಸ್‌ಐ ಸುಮಾರು 207 ಬಾರ್, 4500 ಪಿಎಸ್‌ಐ ಸುಮಾರು 310 ಬಾರ್. ಪಂಪ್‌ನ ಗೇಜ್ ಒಂದರಲ್ಲಿ, ಗನ್‌ನ ಗೇಜ್ ಇನ್ನೊಂದರಲ್ಲಿ ಇದ್ದರೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪಂಪ್‌ಗೆ ಅಂಟಿಸಿ.

## ಹಂತ 2: ತುಂಬುವ ಒತ್ತಡ ಇಳಿಸಲು ಆಗುತ್ತದಾ ನೋಡಿ

ಒಂದು ಪೈಸೆ ಖರ್ಚಿಲ್ಲದೆ ಸಿಗುವ ಲಾಭ ಇದು. ಹಾಗಾಗಿಯೇ ಇರಬೇಕು, ಯಾರೂ ಇದರ ಕಡೆ ಗಮನ ಕೊಡುವುದಿಲ್ಲ.

ಗನ್ ಮೇಲೆ 200 ಬಾರ್ ಅಂತ ಇದ್ದರೆ ಅದು ಗರಿಷ್ಠ ಮಿತಿ. ಅಲ್ಲಿಯವರೆಗೆ ತುಂಬಿಸಲೇಬೇಕು ಅಂತೇನಿಲ್ಲ. ರೆಗ್ಯುಲೇಟರ್ (ಹೊಡೆತಕ್ಕೆ ಹೋಗುವ ಒತ್ತಡವನ್ನು ಒಂದೇ ಸಮ ಇಡುವ ಭಾಗ) ಇಲ್ಲದ ಗನ್‌ಗಳಲ್ಲಿ ಒತ್ತಡ ತುಂಬಾ ಜಾಸ್ತಿ ಇದ್ದರೆ ವಾಲ್ವ್ ಸರಿಯಾಗಿ ತೆರೆಯುವುದಿಲ್ಲ. ಮೊದಲ ಕೆಲವು ಹೊಡೆತ ನಿಧಾನವಾಗಿರುತ್ತವೆ, ನಡುವಿನವು ವೇಗ, ಕೊನೆಗೆ ಮತ್ತೆ ನಿಧಾನ. ಕ್ರೋನೋಗ್ರಾಫ್ (ಪೆಲೆಟ್‌ನ ವೇಗ ಅಳೆಯುವ ಸಾಧನ) ಇದ್ದರೆ ಪ್ರತಿ ಹೊಡೆತದ ವೇಗ ಬರೆದು, ವೇಗ ಒಂದೇ ಸಮ ಇರುವ ಭಾಗ ಯಾವ ಬಾರ್‌ನಿಂದ ಯಾವ ಬಾರ್‌ವರೆಗೆ ಅಂತ ಗುರುತಿಸಿ. ಅದು 180ರಿಂದ 100 ಆಗಿದ್ದರೆ 180ಕ್ಕೇ ನಿಲ್ಲಿಸಿ. ರೆಗ್ಯುಲೇಟರ್ ಇರುವ ಗನ್‌ನಲ್ಲಿ ವೇಗ ಬದಲಾಗುವುದಿಲ್ಲ, ಹೊಡೆತಗಳ ಸಂಖ್ಯೆ ಮಾತ್ರ ಕಡಿಮೆಯಾಗುತ್ತದೆ.

ಕೊನೆಯ 20 ಬಾರ್ ಬಿಟ್ಟರೆ ಏನಾಗುತ್ತದೆ? ಹ್ಯಾಂಡ್ ಪಂಪ್‌ನಲ್ಲಿ ಅತಿ ಕಷ್ಟದ ಭಾಗ ಅದೇ. ಸಿಲಿಂಡರ್‌ನಲ್ಲಂತೂ ಲಾಭ ಇನ್ನೂ ದೊಡ್ಡದು, ಅದನ್ನು 7ನೇ ಹಂತದಲ್ಲಿ ಅಂಕಿಯಲ್ಲೇ ನೋಡೋಣ.

## ಹಂತ 3: ದಾರಿ ಆರಿಸಿ

ಹ್ಯಾಂಡ್ ಪಂಪ್. ಒಂದು ಸಲದ ಫಿಲ್‌ಗೆ 20–30 ಲೀಟರ್ ಸಾಕು, ವಾರಕ್ಕೆ ಎರಡು ಮೂರು ಸಲ ಮಾತ್ರ ಅಂದರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಕರೆಂಟ್ ಬೇಡ, ಯಾರ ಹಂಗೂ ಬೇಡ. 250 ಬಾರ್‌ನ ದೊಡ್ಡ ಬಾಟಲಿ ಇದ್ದರೆ ಮಾತ್ರ ಬೇಡ, ಒಂದು ತಿಂಗಳಲ್ಲಿ ಶೂಟಿಂಗೇ ಬೇಸರ ಬರುತ್ತದೆ.

12 ವೋಲ್ಟ್‌ನ ಸಣ್ಣ ಕಂಪ್ರೆಸರ್. ಗನ್ ಅನ್ನು ನೇರವಾಗಿ ತುಂಬಲು ಸರಿ. ಸಿಲಿಂಡರ್ ತುಂಬಲು ಅಲ್ಲ. 6.8 ಲೀಟರ್‌ನ ಖಾಲಿ ಸಿಲಿಂಡರ್ ಅನ್ನು 300 ಬಾರ್‌ಗೆ ತುಂಬಲು 2040 ಲೀಟರ್ ಗಾಳಿ ಬೇಕು. ನಮ್ಮ 20 ಲೀಟರ್ ಫಿಲ್‌ನ ನೂರು ಪಟ್ಟು! ಈ ಪುಟ್ಟ ಯಂತ್ರಗಳು ಸಾಯುವುದು ಇಲ್ಲೇ.

ಸಿಲಿಂಡರ್, ತುಂಬಿಸಿಕೊಳ್ಳಲು ಹೊರಗಿನ ಕಡೆ. ಸ್ಕೂಬಾ ಡೈವಿಂಗ್ ಕೇಂದ್ರ ಅಥವಾ ಉಸಿರಾಟದ ಗಾಳಿ ತುಂಬುವ ಜಾಗ ಸುಲಭವಾಗಿ ಸಿಗುವಂತಿದ್ದರೆ ನನ್ನ ಓಟು ಇದಕ್ಕೇ. ಅಲ್ಲಿನ ಗಾಳಿ ಒಣಗಿರುತ್ತದೆ, ಶುದ್ಧವಾಗಿರುತ್ತದೆ. ಯಂತ್ರದ ರಗಳೆ ನಿಮಗಿಲ್ಲ. ಕೊಳ್ಳುವ ಮೊದಲೇ ಆ ಜಾಗದವರನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಬಾರ್‌ವರೆಗೆ ತುಂಬುತ್ತೀರಿ, ಯಾವ ಥರದ ವಾಲ್ವ್ ಬೇಕು, ಯಾವ ಟೆಸ್ಟ್ ದಾಖಲೆ ಕೇಳುತ್ತೀರಿ.

ನೀರಿನಿಂದ ತಂಪಾಗುವ ಕಂಪ್ರೆಸರ್. ಸುಮಾರು 1.8 ಕಿಲೋವ್ಯಾಟ್ ಮೋಟರ್‌ನ, 300 ಬಾರ್‌ವರೆಗೆ ಹೋಗುವ, ಬಕೆಟ್ ನೀರಿಟ್ಟು ಓಡಿಸುವ ಯಂತ್ರ. ಸಿಲಿಂಡರ್ ತುಂಬಬಲ್ಲದು. ಆದರೆ ಎಣ್ಣೆ, ನೀರು, ಫಿಲ್ಟರ್, ಸೀಲ್ ಎಲ್ಲವನ್ನೂ ನೋಡಿಕೊಳ್ಳುವ ತಾಳ್ಮೆ ಇರಬೇಕು. ಮೂರು ನಾಲ್ಕು ಗೆಳೆಯರು ಸೇರಿ ಒಂದು ಕೊಂಡರೆ ಲೆಕ್ಕ ಸರಿಹೋಗುತ್ತದೆ. ಓಡಿಸುವವರು ಮಾತ್ರ ಒಬ್ಬರೇ ಇರಲಿ.

ನೈಟ್ರೋಜನ್ ಕೂಡ ನಡೆಯುತ್ತದೆ. ಒಣಗಿರುತ್ತದೆ, ಗನ್‌ಗೆ ಹಾನಿಯಿಲ್ಲ. ಸರಿಯಾದ ಫಿಟಿಂಗ್, ಒತ್ತಡ ಹಿಡಿತದಲ್ಲಿಡುವ ವ್ಯವಸ್ಥೆ ಬೇಕು. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರಿಗೆ ಅಪಾಯ, ವಾಸನೆಯೂ ಬರುವುದಿಲ್ಲ.

ಟೈರ್‌ಗೆ ಗಾಳಿ ಹಾಕುವ ಕಂಪ್ರೆಸರ್ ನಡೆಯುತ್ತದಾ ಅಂತ ಪದೇಪದೇ ಕೇಳುತ್ತಾರೆ. ಇಲ್ಲ. ವರ್ಕ್‌ಶಾಪ್ ಕಂಪ್ರೆಸರ್ ಕೊಡುವುದು 8–10 ಬಾರ್ ಅಷ್ಟೆ. ಅದರ ಮುಂದೆ ಬೂಸ್ಟರ್ (ಆ ಒತ್ತಡವನ್ನು ಇನ್ನೂ ಏರಿಸುವ ಪಂಪ್) ಜೋಡಿಸಿದರೆ ಮಾತ್ರ 200–300ಕ್ಕೆ ಹೋಗಬಹುದು. ಈಗಾಗಲೇ ವರ್ಕ್‌ಶಾಪ್ ಇರುವವರಿಗೆ ಅದು ಸರಿ, ಉಳಿದವರು ಸುಮ್ನೆ ಆ ಕಡೆ ಹೋಗಬೇಡಿ.

## ಹಂತ 4: ಫಿಟಿಂಗ್ ಜೋಡಿಸಿ

ಯಾವ ದಾರಿ ಹಿಡಿದರೂ ಇದು ತಪ್ಪಿದ್ದಲ್ಲ. ಬೇಕಾದದ್ದು ಇಷ್ಟು: ಹೋಸ್, ಗೇಜ್, ಬ್ಲೀಡ್ ಸ್ಕ್ರೂ (ಉಳಿದ ಗಾಳಿ, ನೀರು ಹೊರಬಿಡುವ ತಿರುಪು), ಗನ್‌ಗೆ ಸರಿಹೊಂದುವ ಕ್ವಿಕ್ ಕಪ್ಲರ್ ಅಥವಾ ಪ್ರೋಬ್ (ಹೋಸ್ ಅನ್ನು ಗನ್‌ಗೆ ಸಿಕ್ಕಿಸುವ ತುದಿ), ಒಂದು ಪೊಟ್ಟಣ ಬದಲಿ ಓ-ರಿಂಗ್. ಹೋಸ್ ಮತ್ತು ಫಿಟಿಂಗ್‌ಗಳ ಮಿತಿ ನಿಮ್ಮ ಮೂಲದ ಗರಿಷ್ಠ ಒತ್ತಡಕ್ಕಿಂತ ಮೇಲಿರಬೇಕು. 300 ಬಾರ್ ಸಿಲಿಂಡರ್‌ಗೆ 200 ಬಾರ್ ಹೋಸ್ ಹಾಕಿ, 'ನಾನು 180ಕ್ಕೇ ನಿಲ್ಲಿಸುತ್ತೇನೆ' ಅನ್ನುವುದು ತಪ್ಪು. ಕೈ ಜಾರಿದರೆ ಹೋಸ್‌ಗೆ ಬರುವುದು ಪೂರ್ತಿ 300.

ಸಣ್ಣ ಏರ್‌ಗನ್ ಫಿಟಿಂಗ್‌ಗಳಲ್ಲಿ ಹೆಚ್ಚಾಗಿ ಕಾಣುವುದು 1/8 ಬಿಎಸ್‌ಪಿ ಮತ್ತು ಎಂ10×1 ಎಂಬ ಎರಡು ಮರೆಗಳು (ಸ್ಕ್ರೂ ಥ್ರೆಡ್). ಇವೆರಡೂ ನೋಡಲು ಒಂದೇ ಥರ. ಒಂದರಲ್ಲಿ ಇನ್ನೊಂದು ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. 'ಹೊಸದು, ಅದಕ್ಕೇ ಬಿಗಿ' ಅಂತ ಸ್ಪಾನರ್ ಹಾಕಿ ತಿರುಗಿಸಿದರೆ ಮರೆ ಹಾಳು. ಮರೆ ಹಾಳಾದ ಫಿಟಿಂಗ್ ಒತ್ತಡದಲ್ಲಿ ಗುಂಡಿನಂತೆ ಹಾರುತ್ತದೆ. ಬೆರಳಲ್ಲೇ ಕೊನೆತನಕ ತಿರುಗಬೇಕು, ಕೊನೆಯ ಬಿಗಿತಕ್ಕೆ ಮಾತ್ರ ಸ್ಪಾನರ್.

ಸಮಾನಾಂತರ (ಉದ್ದಕ್ಕೂ ಒಂದೇ ದಪ್ಪದ) ಮರೆಗೆ ಗಾಳಿ ತಡೆಯುವುದು ಕೆಳಗಿನ ಬಾಂಡೆಡ್ ವಾಷರ್ (ರಬ್ಬರ್ ಅಂಚಿನ ಲೋಹದ ವಾಷರ್) ಅಥವಾ ಓ-ರಿಂಗ್. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಚೂರು ಕಿತ್ತು ಗನ್‌ನ ವಾಲ್ವ್‌ನಲ್ಲಿ ಕೂತರೆ ಸಣ್ಣಗೆ ಸೋರುತ್ತಲೇ ಇರುತ್ತದೆ.

ಸಿಲಿಂಡರ್ ಕಡೆಯ ಡಿನ್ ಫಿಟಿಂಗ್‌ನಲ್ಲೂ (ವಾಲ್ವ್ ಒಳಗೆ ತಿರುಗಿಸಿ ಕೂರಿಸುವಂಥದ್ದು) ಎರಡು ಬಗೆ. 232 ಬಾರ್‌ನದು ಗಿಡ್ಡ, 300 ಬಾರ್‌ನದು ಉದ್ದ. ಗಿಡ್ಡ ಕನೆಕ್ಟರ್ 300ರ ವಾಲ್ವ್‌ನಲ್ಲಿ ಕೊನೆ ಮುಟ್ಟುವುದಿಲ್ಲ. ಅದು ಬೇಕಂತಲೇ ಮಾಡಿದ ರಕ್ಷಣೆ, ಅಡಾಪ್ಟರ್ ಹಾಕಿ ದಾಟಲು ಹೋಗಬೇಡಿ.

## ಹಂತ 5: ನೀರು ತೆಗೆಯುವ ವ್ಯವಸ್ಥೆ ಮೊದಲೇ ಮಾಡಿ

ಗಾಳಿಯಲ್ಲಿ ನೀರು ಎಷ್ಟಿರುತ್ತದೆ ಅಂತ ತಿಳಿದರೆ ಫಿಲ್ಟರ್ ಯಾಕೆ ಅಂತ ಯಾರೂ ಕೇಳುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ಶೇ. 70 ಇರುವ ದಿನ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಿರುತ್ತದೆ. ಗಾಳಿಯನ್ನು 200 ಪಟ್ಟು ಒತ್ತಿದಾಗ ಅದು ನೀರನ್ನು ಆವಿಯಾಗಿ ಹಿಡಿದಿಟ್ಟುಕೊಳ್ಳಲಾರದು. ಹೆಚ್ಚುಕಡಿಮೆ ಎಲ್ಲವೂ ಹನಿಯಾಗಿ ಬೀಳುತ್ತದೆ. ಒಂದು 20 ಲೀಟರ್ ಫಿಲ್‌ಗೆ 0.4 ಗ್ರಾಂ, ಅಂದರೆ ಏಳೆಂಟು ಹನಿ. 6.8 ಲೀಟರ್ ಸಿಲಿಂಡರ್ ಪೂರ್ತಿ ತುಂಬಿದರೆ 40 ಗ್ರಾಂಗೂ ಜಾಸ್ತಿ. ಈ ನೀರು ಎಲ್ಲಾದರೂ ಹೋಗಲೇಬೇಕಲ್ವಾ? ನೀವು ಜಾಗ ತೋರಿಸದಿದ್ದರೆ ಗನ್ ಒಳಗೆ ಹೋಗುತ್ತದೆ.

ಫಿಲ್ಟರ್ ಸಾಲು ಹೀಗಿರಲಿ:

1. ಕಂಪ್ರೆಸರ್‌ನಿಂದ ಹೊರಟ ಗಾಳಿ ಮೊದಲು ತಣ್ಣಗಾಗಬೇಕು. ಬಿಸಿ ಗಾಳಿಯಲ್ಲಿ ನೀರು ಆವಿಯಾಗಿಯೇ ಉಳಿದು ಫಿಲ್ಟರ್ ದಾಟಿಬಿಡುತ್ತದೆ. ಒಂದು ಉದ್ದದ ಹೋಸ್ ಇದ್ದರೂ ಸಹಾಯ.
2. ಆಮೇಲೆ ನೀರು-ಎಣ್ಣೆ ಬೇರ್ಪಡಿಸುವ ಸಪರೇಟರ್. ಇದರ ತಳದಲ್ಲಿ ಬ್ಲೀಡ್ ಸ್ಕ್ರೂ ಇರಬೇಕು. ನಿಂತ ಭಂಗಿಯಲ್ಲೇ ಇಡಬೇಕು.
3. ಕೊನೆಗೆ ತೇವ ಹೀರುವ ಕಾಳುಗಳ ಫಿಲ್ಟರ್. ಮಾಲೆಕ್ಯುಲರ್ ಸೀವ್ ಉತ್ತಮ. ಎಣ್ಣೆ ಬಳಸುವ ಕಂಪ್ರೆಸರ್ ಆದರೆ ಜೊತೆಗೆ ಆಕ್ಟಿವೇಟೆಡ್ ಕಾರ್ಬನ್.

ಮೂರನೆಯದನ್ನು ಎರಡನೆಯದರ ಮುಂದೆ ಹಾಕುವವರಿದ್ದಾರೆ. ಆಗ ಎಣ್ಣೆ ಮೆತ್ತಿಕೊಂಡು ಕಾಳುಗಳು ಕೂಡಲೇ ಕೆಲಸ ನಿಲ್ಲಿಸುತ್ತವೆ.

ದೊಡ್ಡ ಕಂಪ್ರೆಸರ್ ಇದ್ದರೆ ಫಿಲ್ಟರ್ ನಂತರ ಒತ್ತಡ ಕಾಯ್ದುಕೊಳ್ಳುವ ವಾಲ್ವ್ ಹಾಕಿಸಿ. ಇದು ಸುಮಾರು 120–150 ಬಾರ್ ಆಗುವವರೆಗೆ ಗಾಳಿಯನ್ನು ಮುಂದೆ ಬಿಡುವುದಿಲ್ಲ. ಖಾಲಿ ಸಿಲಿಂಡರ್ ತುಂಬುವಾಗಲೂ ಫಿಲ್ಟರ್ ಒಳಗೆ ಒತ್ತಡ ಜಾಸ್ತಿ ಇರುತ್ತದೆ. ನೀರು ಸಪರೇಟರ್‌ನಲ್ಲೇ ಬೀಳುತ್ತದೆ, ಕಾಳುಗಳು ಹೆಚ್ಚು ದಿನ ಬರುತ್ತವೆ.

ಬಣ್ಣ ಬದಲಿಸುವ ಸಿಲಿಕಾ ಜೆಲ್ ಒಂದಿಷ್ಟು ಬೆರೆಸಿಟ್ಟರೆ ಗುರುತು ಸಿಗುತ್ತದೆ. ನೀಲಿ ಇದ್ದದ್ದು ಗುಲಾಬಿ, ಅಥವಾ ಕಿತ್ತಳೆ ಇದ್ದದ್ದು ಹಸಿರಾದರೆ ಬದಲಿಸಿ. ಅರ್ಧ ಬಣ್ಣ ತಿರುಗಿದಾಗಲೇ ಬದಲಿಸುವುದು ಒಳ್ಳೆಯದು.

## ಹಂತ 6: ಪಂಪ್ ಅಥವಾ ಸಣ್ಣ ಕಂಪ್ರೆಸರ್‌ನಿಂದ ನೇರ ಫಿಲ್

ಹ್ಯಾಂಡ್ ಪಂಪ್‌ನ ಕ್ರಮ:

1. ಪಂಪ್ ಅನ್ನು ಸಮನೆಲದ ಮೇಲೆ, ಧೂಳಿಲ್ಲದ ಜಾಗದಲ್ಲಿಡಿ. ಬ್ಲೀಡ್ ಸ್ಕ್ರೂ ತೆರೆದು ನಾಲ್ಕೈದು ಸಲ ಒತ್ತಿ, ಒಳಗಿನ ಹಳೆ ತೇವ ಹೊರಹೋಗಲಿ.
2. ಹೋಸ್ ಜೋಡಿಸಿ. ಕಪ್ಲರ್ ಟಕ್ ಅಂತ ಕೂತಿತೇ ಅಂತ ಎಳೆದು ನೋಡಿ. ಪ್ರೋಬ್ ಆದರೆ ಎರಡೂ ಓ-ರಿಂಗ್ ಒಳಗೆ ಹೋಗಿರಬೇಕು. ಬ್ಲೀಡ್ ಮುಚ್ಚಿ.
3. ಹ್ಯಾಂಡಲ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ. ಮೇಲೂ ಕೆಳಗೂ ಒಂದು ಕ್ಷಣ ನಿಲ್ಲಿಸಿ, ಗಾಳಿ ಒಂದು ಹಂತದಿಂದ ಇನ್ನೊಂದಕ್ಕೆ ದಾಟಲಿ. ಅರ್ಧರ್ಧ ಒತ್ತಿದರೆ ಬೆವರು ಬರುತ್ತದೆ, ಒತ್ತಡ ಏರುವುದಿಲ್ಲ.
4. ಕೈ ನೇರ ಇಟ್ಟು ಮಂಡಿ ಬಗ್ಗಿಸಿ, ಮೈಭಾರದಿಂದ ಇಳಿಸಿ. ತೋಳಿನ ಬಲ 150 ಬಾರ್ ದಾಟಿದ ಮೇಲೆ ಸಾಲುವುದಿಲ್ಲ.
5. ಐದು ನಿಮಿಷ ಒತ್ತಿದ ಮೇಲೆ ನಿಲ್ಲಿಸಿ. ಬ್ಲೀಡ್ ತೆರೆದು ನೀರು ಹೊರಹಾಕಿ. ಗನ್‌ನ ಒಳವಾಲ್ವ್ ಗಾಳಿಯನ್ನು ಹಿಡಿದಿರುತ್ತದೆ, ಹೆದರಬೇಡಿ. ಪಂಪ್‌ನ ತಳ ಮುಟ್ಟಲು ಹಿತವಾಗುವಷ್ಟು ತಣಿಯಲಿ, ಆಮೇಲೆ ಮುಂದುವರಿಸಿ.
6. ಬೇಕಾದ ಒತ್ತಡ ಬಂದಾಗ ಬ್ಲೀಡ್ ತೆರೆಯಿರಿ, ಗೇಜ್ ಸೊನ್ನೆಗೆ ಬರಲಿ, ಆಮೇಲೆ ಹೋಸ್ ತೆಗೆಯಿರಿ. ಬ್ಲೀಡ್ ಮಾಡದೆ ಎಳೆದರೆ ಹೋಸ್ ಚಾಟಿಯಂತೆ ಬೀಸುತ್ತದೆ.

ಎಷ್ಟು ಸಲ ಒತ್ತಬೇಕು? ನಿಮ್ಮ ಪಂಪ್‌ನಿಂದಲೇ ಕೇಳಿ. 100ರಿಂದ 120 ಬಾರ್‌ಗೆ ಏರಲು ಎಷ್ಟು ಒತ್ತು ಬೇಕಾಯಿತು ಅಂತ ಎಣಿಸಿ, ಐದರಿಂದ ಗುಣಿಸಿ. ಅದು 200ರವರೆಗಿನ ಲೆಕ್ಕ. ಈ ಅಂಕಿ ಬರೆದಿಡಿ. ಮುಂದೆ ಅದೇ ಗನ್‌ಗೆ ಒತ್ತುಗಳು ಜಾಸ್ತಿಯಾಗುತ್ತಾ ಹೋದರೆ ಪಂಪ್‌ನ ಸೀಲ್ ಸವೆಯುತ್ತಿದೆ ಅಂತ ಅರ್ಥ.

ಗನ್ ಪೂರ್ತಿ ಖಾಲಿಯಾಗಿದ್ದರೆ ಒಂದು ವಿಚಿತ್ರ ಆಗಬಹುದು. ಎಷ್ಟು ಒತ್ತಿದರೂ ಗಾಳಿ ನಳಿಗೆಯಿಂದ ಹೊರಬರುತ್ತದೆ. ಒಳಗಿನ ಹ್ಯಾಮರ್ (ವಾಲ್ವ್‌ಗೆ ಬಡಿದು ಅದನ್ನು ತೆರೆಯುವ ಭಾಗ) ವಾಲ್ವ್ ಮೇಲೆ ಕೂತು ಅದನ್ನು ತೆರೆದಿಟ್ಟಿರುತ್ತದೆ. ಪೆಲೆಟ್ ಇಲ್ಲ ಅಂತ ಖಚಿತ ಮಾಡಿಕೊಂಡು ಗನ್ ಅನ್ನು ಕಾಕ್ ಮಾಡಿ (ಹ್ಯಾಮರ್ ಹಿಂದಕ್ಕೆಳೆದು ನಿಲ್ಲಿಸಿ), ಸೇಫ್ಟಿ ಹಾಕಿ ತುಂಬಿಸಿ. ಸಾಮಾನ್ಯವಾಗಿ ಸೋರಿಕೆ ನಿಲ್ಲುತ್ತದೆ.

ಸಣ್ಣ ಕಂಪ್ರೆಸರ್‌ಗೂ ಇದೇ ಕ್ರಮ. ಸೇರಿಸಬೇಕಾದದ್ದು ಮೂರು. ಒಂದು, ಕಾರ್ ಬ್ಯಾಟರಿಗೆ ಜೋಡಿಸುವುದಾದರೆ ಎಂಜಿನ್ ಚಾಲೂ ಇರಲಿ, ಗಾಡಿ ಬಯಲಿನಲ್ಲಿರಲಿ. ಈ ಯಂತ್ರಗಳು 20 ಆಂಪಿಯರ್ ಆಸುಪಾಸು ಎಳೆಯುತ್ತವೆ, ತೆಳು ವೈರ್ ಬಿಸಿಯಾಗುತ್ತದೆ. ಎರಡು, ಕೈಪಿಡಿ 10 ನಿಮಿಷ ಅಂದರೆ 10 ನಿಮಿಷವೇ. ಆಮೇಲೆ ಪೂರ್ತಿ ತಣಿಯಬೇಕು. ಮೂರು, ತಾನಾಗಿ ನಿಲ್ಲುವ ಸ್ವಿಚ್ ಇದ್ದರೂ ಪಕ್ಕದಲ್ಲೇ ಇರಿ. ಹಚ್ಚಿಟ್ಟು ಒಳಗೆ ಹೋಗಬೇಡಿ.

## ಹಂತ 7: ಸಿಲಿಂಡರ್ ಕೊಳ್ಳುವುದು, ಬಳಸುವುದು

ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಇದೆ ಅನ್ನುವುದು ಮುಖ್ಯ ಅಲ್ಲ. ನಿಮ್ಮ ಗನ್‌ನ ಒತ್ತಡಕ್ಕಿಂತ ಮೇಲೆ ಎಷ್ಟಿದೆ ಅನ್ನುವುದು ಮುಖ್ಯ. ಎರಡೂ ಸಮವಾದ ಕೂಡಲೇ ಗಾಳಿ ಹರಿಯುವುದು ನಿಲ್ಲುತ್ತದೆ.

11 ಲೀಟರ್‌ನ ಸ್ಕೂಬಾ ಸಿಲಿಂಡರ್ 230 ಬಾರ್ ಇದೆ ಅನ್ನಿ. ಗನ್ 200 ಬಾರ್‌ನದು. ಮೇಲಿರುವುದು 30 ಬಾರ್. 30×11 = 330 ಲೀಟರ್. 20 ಲೀಟರ್ ಫಿಲ್ ಆದರೆ 16 ಸಲ ಪೂರ್ತಿ ತುಂಬಬಹುದು. ಈಗ ಅದೇ ಗನ್ ಅನ್ನು 180ಕ್ಕೇ ತುಂಬಿ. ಮೇಲಿರುವುದು 50 ಬಾರ್, ಅಂದರೆ 550 ಲೀಟರ್. ಒಂದು ಫಿಲ್‌ಗೆ 16 ಲೀಟರ್. 34 ಸಲ! ಎರಡನೇ ಹಂತದಲ್ಲಿ ಹೇಳಿದ ಲಾಭ ಇದು. 250 ಬಾರ್ ಗನ್‌ಗೆ ಇದೇ ಸಿಲಿಂಡರ್‌ನಿಂದ ಒಂದು ಸಲವೂ ಪೂರ್ತಿ ಫಿಲ್ ಸಿಗುವುದಿಲ್ಲ.

6.8 ಲೀಟರ್‌ನ 300 ಬಾರ್ ಕಾರ್ಬನ್ ಫೈಬರ್ ಸಿಲಿಂಡರ್ ನೋಡಲು ಚಿಕ್ಕದು. ಆದರೆ 200ರ ಮೇಲೆ 100 ಬಾರ್ ಇದೆ, 680 ಲೀಟರ್, ಕಾಗದದ ಲೆಕ್ಕದಲ್ಲಿ 34 ಫಿಲ್. 300 ಬಾರ್ ಹತ್ತಿರ ಗಾಳಿ ಈ ಸರಳ ಲೆಕ್ಕ ಹೇಳುವುದಕ್ಕಿಂತ ಸ್ವಲ್ಪ ಕಡಿಮೆಯೇ ಹಿಡಿಯುತ್ತದೆ, ಹಾಗಾಗಿ ಸಿಗುವುದು ಇನ್ನೂ ಸ್ವಲ್ಪ ಕಡಿಮೆ.

ಎರಡು ಸಿಲಿಂಡರ್ ಇದ್ದರೆ ಇನ್ನೊಂದು ಉಪಾಯ ಇದೆ. ಒಂದು 160ಕ್ಕೆ ಇಳಿದಿದೆ, ಇನ್ನೊಂದು 230 ಇದೆ. ಮೊದಲು ಕಡಿಮೆ ಇರುವುದರಿಂದ 160ರವರೆಗೆ ತುಂಬಿ, ಆಮೇಲೆ 230ರಿಂದ 200ಕ್ಕೆ ಏರಿಸಿ. ಪ್ರತಿ ಫಿಲ್‌ಗೆ ದೊಡ್ಡ ಒತ್ತಡದ ಸಿಲಿಂಡರ್‌ನಿಂದ ಹೋಗುವುದು 20 ಲೀಟರ್ ಅಲ್ಲ, 8 ಲೀಟರ್. ಕಡಿಮೆಯದು ಇಳಿಯುತ್ತಾ ಹೋದಂತೆ ಇದು ಸ್ವಲ್ಪ ಹೆಚ್ಚುತ್ತದೆ. 'ಖಾಲಿ' ಅಂತ ಮೂಲೆಗಿಟ್ಟ ಸಿಲಿಂಡರ್‌ಗೆ ಹೀಗೆ ಕೆಲಸ ಕೊಡಬಹುದು. ಒಂದೇ ಸಿಲಿಂಡರ್ ಇದ್ದವರು 160ರ ನಂತರದ ಭಾಗವನ್ನು ಹ್ಯಾಂಡ್ ಪಂಪ್‌ನಿಂದ ಮುಗಿಸಬಹುದು.

ಹಳೆಯದು ಕೊಳ್ಳುವಾಗ ಮೈಮೇಲೆ ಕೆತ್ತಿದ ಅಂಕಿಗಳನ್ನು ಓದಿ. ಅಲ್ಲಿ ಎರಡು ಒತ್ತಡ ಇರುತ್ತವೆ. ವರ್ಕಿಂಗ್ ಪ್ರೆಶರ್ (ತುಂಬಬಹುದಾದ ಮಿತಿ) ಒಂದು, ಟೆಸ್ಟ್ ಪ್ರೆಶರ್ (ಪರೀಕ್ಷೆಗೆ ಮಾತ್ರ ಹಾಕುವ ಒತ್ತಡ) ಇನ್ನೊಂದು. 232 ಬಾರ್ ಸಿಲಿಂಡರ್‌ನ ಟೆಸ್ಟ್ ಅಂಕಿ 348 ಇರುತ್ತದೆ. ದೊಡ್ಡ ಅಂಕಿ ನೋಡಿ '350ರವರೆಗೆ ಹೋಗುತ್ತದೆ' ಅಂದುಕೊಳ್ಳುವುದು ಜೀವಕ್ಕೆ ಅಪಾಯ. ನಂತರ ಕೊನೆಯ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ಮಾಡುವ ಪರೀಕ್ಷೆ) ತಾರೀಕು ನೋಡಿ. ಟೆಸ್ಟ್ ಅವಧಿ ದೇಶದ ನಿಯಮ, ಸಿಲಿಂಡರ್ ಬಗೆ ನೋಡಿಕೊಂಡು ಬದಲಾಗುತ್ತದೆ, 5 ವರ್ಷ ಸಾಮಾನ್ಯ. ಕಾರ್ಬನ್ ಫೈಬರ್‌ಗೆ ಆಯುಸ್ಸು ಕೂಡ ಇದೆ, ಹಲವಕ್ಕೆ 15 ವರ್ಷ. ತೀರಾ ಅಗ್ಗಕ್ಕೆ ಸಿಗುವುದು ಆಯುಸ್ಸು ಮುಗಿದದ್ದೇ. 6351 ಮಿಶ್ರಲೋಹದ ಹಳೆ ಅಲ್ಯೂಮಿನಿಯಂ ಸಿಲಿಂಡರ್‌ಗಳು ಕತ್ತಿನ ಹತ್ತಿರ ಬಿರುಕು ಬಿಡುತ್ತವೆ, ಅವನ್ನು ತುಂಬಲು ಎಷ್ಟೋ ಕಡೆ ಒಪ್ಪುವುದಿಲ್ಲ. ಬಣ್ಣ ಹೊಸದಾಗಿ ಬಳಿದು ಅಂಕಿ ಮುಚ್ಚಿದ್ದರೆ ಬಿಟ್ಟು ಬನ್ನಿ.

ಗನ್ ತುಂಬುವಾಗ ಸಿಲಿಂಡರ್ ವಾಲ್ವ್ ಅನ್ನು ಕೂದಲೆಳೆಯಷ್ಟೇ ತೆರೆಯಿರಿ. ಗೇಜ್ ಮುಳ್ಳು ನಿಧಾನ ಏರಬೇಕು. ಕೊಳವೆ ಬಿಸಿಯಾದರೆ ನೀವು ಅವಸರ ಮಾಡುತ್ತಿದ್ದೀರಿ. ಬೇಕಾದಷ್ಟು ಬಂದಾಗ ಮೊದಲು ವಾಲ್ವ್ ಮುಚ್ಚಿ, ಆಮೇಲೆ ಬ್ಲೀಡ್, ಕೊನೆಗೆ ಕಪ್ಲರ್. ವಾಲ್ವ್ ಮುಚ್ಚದೆ ಬ್ಲೀಡ್ ತೆರೆಯುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು, ಸಿಲಿಂಡರ್ ಗಾಳಿ ಆಕಾಶಕ್ಕೆ.

## ಹಂತ 8: ನೀರಿನ ಕಂಪ್ರೆಸರ್‌ನಿಂದ ಸಿಲಿಂಡರ್ ತುಂಬುವ ಕ್ರಮ

1. ಎಣ್ಣೆ ಮಟ್ಟ ನೋಡಿ. ಕೈಪಿಡಿ ಹೇಳಿದ ಕಂಪ್ರೆಸರ್ ಎಣ್ಣೆಯೇ ಬೇಕು, ಸಿಂಥೆಟಿಕ್ ಆದರೆ ಒಳ್ಳೆಯದು. ಗಾಡಿಯ ಎಂಜಿನ್ ಆಯಿಲ್ ಈ ಬಿಸಿಗೆ ಕರಿ ಕಟ್ಟಿ ವಾಲ್ವ್‌ಗೆ ಅಂಟುತ್ತದೆ. ಹೊಸ ಯಂತ್ರದ ಮೊದಲ ಎಣ್ಣೆಯನ್ನು ಬೇಗ ಬದಲಿಸಿ, ಅದರಲ್ಲಿ ಲೋಹದ ಪುಡಿ ಇರುತ್ತದೆ.
2. ನೀರಿನ ಪಂಪ್ ಹಚ್ಚಿ. ವಾಪಸು ಬರುವ ನಳಿಕೆಯಲ್ಲಿ ನೀರು ಬರುತ್ತಿದೆಯೇ ಅಂತ ಕಣ್ಣಾರೆ ನೋಡಿ. ಪಂಪ್‌ನ ಸದ್ದು ಕೇಳಿದರೆ ಸಾಲದು, ನೀರು ಕಾಣಬೇಕು.
3. ಬ್ಲೀಡ್ ವಾಲ್ವ್‌ಗಳನ್ನು ತೆರೆದಿಟ್ಟು ಮೋಟರ್ ಹಚ್ಚಿ. ಭಾರವಿಲ್ಲದೆ ಒಂದು ನಿಮಿಷ ಓಡಲಿ.
4. ಬ್ಲೀಡ್ ಮುಚ್ಚಿ. ಸಾಲಿನ ಒತ್ತಡ ಸಿಲಿಂಡರ್‌ನಲ್ಲಿರುವಷ್ಟು ಆದಮೇಲೆ ಸಿಲಿಂಡರ್ ವಾಲ್ವ್ ತೆರೆಯಿರಿ. ಮೊದಲೇ ತೆರೆದರೆ ಸಿಲಿಂಡರ್ ಗಾಳಿ ಹಿಂದಕ್ಕೆ ನುಗ್ಗಿ ಫಿಲ್ಟರ್ ಕಾಳುಗಳನ್ನು ಪುಡಿ ಮಾಡುತ್ತದೆ.
5. ಐದೈದು ನಿಮಿಷಕ್ಕೆ ಒಮ್ಮೆ ಬ್ಲೀಡ್‌ಗಳನ್ನು ಎರಡು ಮೂರು ಸೆಕೆಂಡ್ ತೆರೆಯಿರಿ. ಬಿಳಿ ನೊರೆಯಂಥ ನೀರು-ಎಣ್ಣೆ ಬರುತ್ತದೆ, ಅದು ಸಹಜ. ಏನೂ ಬಾರದಿದ್ದರೆ ಚಿಂತಿಸಿ, ತೇವವೆಲ್ಲ ಮುಂದೆ ಹೋಗುತ್ತಿದೆ.
6. ಯಂತ್ರದ ತಲೆಯ ಬಿಸಿ 60–65 ಡಿಗ್ರಿ ದಾಟಲು ಬಿಡಬೇಡಿ. ಬಕೆಟ್ ನೀರು ಬಿಸಿಯಾದರೆ ಹೆಪ್ಪುಗಟ್ಟಿದ ನೀರಿನ ಬಾಟಲಿ ಮುಳುಗಿಸಿ.
7. ಮುಗಿದಾಗ ಮೋಟರ್ ನಿಲ್ಲಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ, ಬ್ಲೀಡ್ ತೆರೆಯಿರಿ. ಓಡುತ್ತಿರುವಾಗಲೇ ವಾಲ್ವ್ ಮುಚ್ಚಿದರೆ ಒತ್ತಡ ಕ್ಷಣದಲ್ಲಿ ಏರಿ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿ ಮೀರಿದರೆ ಒಡೆದು ಗಾಳಿ ಹೊರಬಿಡುವ ತೆಳು ತಗಡು) ಒಡೆಯುತ್ತದೆ.
8. ಬ್ಲೀಡ್ ತೆರೆದೇ ಮತ್ತೊಂದು ನಿಮಿಷ ಓಡಿಸಿ, ಒಳಗಿನ ನೀರು ಹೋಗಲಿ. ಒತ್ತಡ ತುಂಬಿದ ಯಂತ್ರವನ್ನು ಯಾವತ್ತೂ ಸ್ಟಾರ್ಟ್ ಮಾಡಬೇಡಿ.

ಸಮಯದ ಅಂದಾಜು ಹೀಗೆ: 6.8 ಲೀಟರ್ ಸಿಲಿಂಡರ್ 100ರಿಂದ 300ಕ್ಕೆ ಏರಲು 1360 ಲೀಟರ್. ಯಂತ್ರ ನಿಮಿಷಕ್ಕೆ 40 ಲೀಟರ್ ತಳ್ಳಿದರೆ 34 ನಿಮಿಷ. ಒಂದೇ ಉಸಿರಿಗೆ ಮುಗಿಸುವ ಹಟ ಬೇಡ, 200ರಲ್ಲಿ ಒಮ್ಮೆ ನಿಲ್ಲಿಸಿ ತಣಿಸಿ. ಬಿಸಿ ಇರುವಾಗ 300 ತೋರಿಸಿದ ಸಿಲಿಂಡರ್ ತಣಿದ ಮೇಲೆ 280 ತೋರಿಸಿದರೆ ಅದು ಸೋರಿಕೆಯಲ್ಲ. ತಣಿದ ನಂತರ ಮತ್ತೆ ಸ್ವಲ್ಪ ತುಂಬಿದರಾಯಿತು.

ಬರ್ಸ್ಟ್ ಡಿಸ್ಕ್ ಪದೇಪದೇ ಒಡೆಯುತ್ತಿದ್ದರೆ ಎರಡು ಡಿಸ್ಕ್ ಹಾಕುವುದು, ಬೋಲ್ಟ್‌ನಿಂದ ಮುಚ್ಚುವುದು ಮಾಡಬೇಡಿ. ಅದೊಂದೇ ನಿಮ್ಮನ್ನು ಕಾಯುತ್ತಿರುವುದು. ಹೀಗೆ ಮನೆಯಲ್ಲಿ ತುಂಬಿದ ಸಿಲಿಂಡರ್‌ನಿಂದ ಉಸಿರಾಡಬಾರದು, ಡೈವಿಂಗ್‌ಗೆ ಒಯ್ಯಬಾರದು. 'ಏರ್‌ಗನ್‌ಗೆ ಮಾತ್ರ' ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.

## ಹಂತ 9: ಏನೋ ಸರಿಯಿಲ್ಲ ಅಂತ ಹೇಳುವ ಗುರುತುಗಳು

ಪಂಪ್ ಹ್ಯಾಂಡಲ್ ತಾನಾಗಿ ಮೇಲೇಳುತ್ತದೆ. ಒಳಗಿನ ವಾಲ್ವ್ ಮುಚ್ಚುತ್ತಿಲ್ಲ, ಕಸ ಕೂತಿದೆ ಅಥವಾ ಸೀಲ್ ಹೋಗಿದೆ. ಒತ್ತುವುದು ನಿಲ್ಲಿಸಿ ಬಿಚ್ಚಿ ತೊಳೆಯಿರಿ. ಮುಂದುವರಿಸಿದರೆ ಹ್ಯಾಂಡಲ್ ಗದ್ದಕ್ಕೆ ಬಡಿಯಬಹುದು.

ಹ್ಯಾಂಡಲ್ ಹಗುರ, ಗೇಜ್ ಏರುತ್ತಿಲ್ಲ. ಮೊದಲು ಬ್ಲೀಡ್ ಸ್ಕ್ರೂ ನೋಡಿ. ಅರ್ಧದಷ್ಟು ಸಲ ಅದನ್ನು ಮುಚ್ಚುವುದೇ ಮರೆತಿರುತ್ತದೆ. ಅದು ಸರಿ ಇದ್ದರೆ ಓ-ರಿಂಗ್.

ಕಂಪ್ರೆಸರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆ. ನೀರು ಸೇರಿದೆ. ಎಣ್ಣೆ ಬದಲಿಸಿ, ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಬೇಗ ಕಪ್ಪಾಗುತ್ತಿದ್ದರೆ ಯಂತ್ರ ಮಿತಿಮೀರಿ ಬಿಸಿಯಾಗುತ್ತಿದೆ.

ಒಂದೇ ಒತ್ತಡಕ್ಕೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ಪಿಸ್ಟನ್ ರಿಂಗ್ ಅಥವಾ ಎರಡನೇ ಹಂತದ ವಾಲ್ವ್. ಸಮಯ ಬರೆದಿಡುವ ಅಭ್ಯಾಸ ಇದ್ದವರಿಗೆ ಮಾತ್ರ ಇದು ಬೇಗ ಗೊತ್ತಾಗುತ್ತದೆ.

ಹೋಸ್‌ನಲ್ಲಿ ಉಬ್ಬು, ಗುಳ್ಳೆ, ಮಡಿಕೆಯ ಗುರುತು. ರಿಪೇರಿ ಇಲ್ಲ. ಕತ್ತರಿಸಿ ಎಸೆಯಿರಿ, ಇನ್ನೊಬ್ಬರು ಎತ್ತಿಕೊಂಡು ಬಳಸದಿರಲಿ.

ಕಾರ್ಬನ್ ಫೈಬರ್ ಮೇಲೆ ಆಳವಾದ ಗೀರು, ಎಳೆ ಎದ್ದಿರುವುದು, ಬಿದ್ದ ಗುರುತು. ಪರೀಕ್ಷೆ ಮಾಡಿಸದೆ ಮತ್ತೆ ತುಂಬಬೇಡಿ.

ರಾತ್ರಿ ತುಂಬಿಟ್ಟ ಗನ್ ಬೆಳಿಗ್ಗೆ ಕಡಿಮೆ ತೋರಿಸುತ್ತದೆ. ಮೊದಲು ಹವೆ ನೋಡಿ. 30 ಡಿಗ್ರಿಯಿಂದ 20ಕ್ಕೆ ಇಳಿದರೆ 200 ಬಾರ್ ಇದ್ದದ್ದು 193 ತೋರಿಸುತ್ತದೆ, ಒಂದು ಹನಿ ಗಾಳಿಯೂ ಹೋಗಿರುವುದಿಲ್ಲ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಸೋಪಿನ ನೀರನ್ನು ಬ್ರಷ್‌ನಿಂದ ಗೇಜ್ ಬುಡ, ಫಿಲ್ ವಾಲ್ವ್, ನಳಿಗೆಯ ತುದಿ ಈ ಕ್ರಮದಲ್ಲಿ ಹಚ್ಚಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ಕೆಲಸ ಇದೆ. ನಳಿಗೆಯಲ್ಲಿ ಗುಳ್ಳೆ ಬಂದರೆ ಒಳಗಿನ ವಾಲ್ವ್ ಮೇಲೆ ಕಸ ಇರಬಹುದು. ಪೂರ್ತಿ ಗಾಳಿ ಬಿಡದೆ ಬಿಚ್ಚಬೇಡಿ. ಬಿಡುವ ವಿಧಾನ ಪ್ರತಿ ಗನ್‌ಗೆ ಬೇರೆ, ಕೈಪಿಡಿಯಲ್ಲಿದ್ದಂತೆಯೇ ಮಾಡಿ.